ಮಲ್ಲಣ್ಣನ ಹೆಸರಿನ ಮನೆ

ಮಲ್ಲಣ್ಣ, ಆ ಮನೆ ನಿನ್ನ ಹೆಸರಿನಲ್ಲಿತ್ತು. ಅದರಲ್ಲಿ ಇದ್ದವನು ನಾನು.

ಇಷ್ಟನ್ನು ಹೇಳಲು ಇಷ್ಟು ವರ್ಷ ಬೇಕಾಯಿತು. ಎಂಬತ್ತರ ದಶಕದ ಕೊನೆ ಅದು. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ನಾನು ಮ್ಯಾನೇಜರ್, ನೀನು ಫಿಟ್ಟರ್. ಗಿರಣಿಯ ಹಿಂದಿನ ಓಣಿಯಲ್ಲಿ ಸಾವ್ಕಾರರು ಬಾಡಿಗೆ ಕಟ್ಟಿ ನೌಕರರಿಗಾಗಿ ಒಂದು ಮನೆ ಹಿಡಿದಿದ್ದರು. ಹಾಗೆ ಬಿಟ್ಟಿ ಸಿಕ್ಕ ಮನೆಯ ಬೆಲೆಯನ್ನೂ ಸಂಬಳಕ್ಕೆ ಸೇರಿಸಿ ಆದಾಯ ತೆರಿಗೆ ಹಾಕುತ್ತಾರೆ. ಸೇರಿಸಿದರೆ ನಾನು ತೆರಿಗೆಗೆ ಸಿಕ್ಕುತ್ತಿದ್ದೆ. ನಿನ್ನ ಸಂಬಳ ತೆರಿಗೆಯ ಮಿತಿಯ ಹತ್ತಿರಕ್ಕೂ ಬರುತ್ತಿರಲಿಲ್ಲ. ಮನೆ ಫಿಟ್ಟರನಿಗೆ ಕೊಟ್ಟಿದೆ ಎಂದು ಗಿರಣಿಯ ಕಾಗದಪತ್ರದಲ್ಲಿ ತೋರಿಸಿದೆ. ರಾಯಚೂರಿನಲ್ಲಿದ್ದ ಸಾವ್ಕಾರರು ನನ್ನನ್ನು ನಂಬಿ ರುಜು ಹಾಕಿದರು. ನಿನಗೆ ಗೊತ್ತೇ ಇರಲಿಲ್ಲ — ನೀನು ದಿನಾ ನಿನ್ನೂರು ಮಸ್ಕಿಯ ಬಸ್ಸಿಗೆ ಓಡುತ್ತಿದ್ದೆ.

ಯಾರಿಗೇನು ನಷ್ಟ ಎಂದುಕೊಂಡಿದ್ದೆ. ಜಾಣತನ ಎಂದೇ — ಹೌದು, ಹೆಮ್ಮೆಯೂ ಇತ್ತು.

ಮುಂದಿನ ವರ್ಷ ನನ್ನ ಹೆಂಡತಿ ತವರಿಗೆ ಹೋದವಳು ಮರಳಲಿಲ್ಲ. ಖಾನಾವಳಿಯಲ್ಲಿ ಉಂಡು ಬಂದು ಪಡಸಾಲೆಯಲ್ಲಿ ಮಲಗುತ್ತಿದ್ದೆ. ಅಡುಗೆಮನೆಯ ಪಕ್ಕದ ಖೋಲಿಗೆ ಬೀಗ. ಮಾತಾಡುವವರಿಲ್ಲದ ಆ ಮನೆಯಲ್ಲಿ, ರಾತ್ರಿ ಪಾಳಿಯಲ್ಲಿ ನೀನು ನಡೆಸುವ ಯಂತ್ರದ ಸದ್ದೊಂದೇ ನನಗೆ ಜೊತೆ.

ಆಗಲೇ ನೀನು ಬಂದು ಬಾಗಿಲಲ್ಲಿ ನಿಂತೆ.

"ಸಾಹೇಬ್ರ, ಆಕೀಗಿ ದಿನ ತುಂಬಾಕ ಬಂದಾವ. ಚೊಚ್ಚಲ ಬಾಣಂತನ, ತವರಾಗ ಯಾರೂ ಇಲ್ರಿ. ಇಲ್ಲೇ ದವಾಖಾನಿ ಹತ್ರ ಒಂದು ಖೋಲಿ ಸಿಕ್ಕರ ಸಾಕು. ಸಾವ್ಕಾರ್ರಿಗೆ ನೀವ ಒಂದು ಮಾತು ಹೇಳ್ರಿ."

ಹೇಳುತ್ತೇನೆಂದೆ. ಸಾವ್ಕಾರರು ಗಿರಣಿಗೆ ಬಂದಾಗ ಅವರ ಎದುರಿಗೇ ಕೂತಿದ್ದೆ — ನಿನ್ನ ಮಾತು ಎತ್ತಲೇ ಇಲ್ಲ. ಫಿಟ್ಟರನಿಗೆ ಮನೆ ಇದೆಯಲ್ಲ ಎಂದು ಅವರು ಕೇಳಿದರೆ? ಬೀಗ ಹಾಕಿದ್ದ ಆ ಖೋಲಿಯನ್ನೇ ನಿನಗೆ ಬಿಟ್ಟುಕೊಡಬಹುದಿತ್ತು. ಆದರೆ ನೀನು ಬಂದು ಸೇರಿದರೆ ಈ ಮನೆ ಯಾರದು ಎಂಬ ಮಾತು ಎದ್ದೇ ಏಳುತ್ತಿತ್ತು.

ಹೊರಗೆ ಕಾಯುತ್ತಿದ್ದ ನಿನಗೆ ಹೇಳಿದೆ: "ಸಾವ್ಕಾರ್ರು ಒಲ್ಲೆ ಅಂದ್ರು."

"ಇರ್ಲಿ ಬಿಡ್ರಿ," ಎಂದೆ ನೀನು. "ನೀವಾರ ಕೇಳಿದ್ರಲ್ಲ."

ನಿನ್ನ ಹೆಂಡತಿಗೆ ಬೇನೆ ಬಂದ ರಾತ್ರಿ ನೀನು ಪಾಳಿಯಲ್ಲಿದ್ದೆ. ಮಸ್ಕಿಯಲ್ಲಿ ಗಾಡಿ ಸಿಗಲು ತಡವಾಯಿತಂತೆ. ಆಕೆ ಉಳಿದಳು, ಮಗು ಉಳಿಯಲಿಲ್ಲ. ಆ ರಾತ್ರಿಯೂ ನಾನು ನಿನ್ನ ಯಂತ್ರದ ಸದ್ದು ಕೇಳುತ್ತ ನಿದ್ದೆ ಹೋಗಿದ್ದೆ. ಕೆಲಸಕ್ಕೆ ಮರಳಿದ ದಿನ ನೀನು ನನಗೆ ಎಂದಿನಂತೆ ನಮಸ್ಕಾರ ಮಾಡಿದೆ, ನಾನು ಅದನ್ನು ಸ್ವೀಕರಿಸಿದೆ. ಆಮೇಲೆ ಆ ಸದ್ದಿನಲ್ಲಿ ನನಗೆ ನಿದ್ದೆ ಬರಲಿಲ್ಲ.

ಈಗ ಲಿಂಗಸುಗೂರಿನಲ್ಲಿ ಒಬ್ಬನೇ ಇದ್ದೇನೆ. ಮಸ್ಕಿ ದೂರವೇನಲ್ಲ. ಎಷ್ಟೋ ಸಲ ನಿಲ್ದಾಣದವರೆಗೆ ಹೋಗಿ, ಬಸ್ಸು ಹೊರಡುವುದನ್ನು ನೋಡಿ ಮರಳಿದ್ದೇನೆ. ನಾಳೆ ಹತ್ತುತ್ತೇನೆ. ಕ್ಷಮಿಸು ಎನ್ನುವ ಮುಖ ನನಗಿಲ್ಲ, ಮಲ್ಲಣ್ಣ. ಸಾವ್ಕಾರರನ್ನು ನಾನು ಕೇಳಿರಲೇ ಇಲ್ಲ ಎಂದು ನಿನಗೆ ಹೇಳಬೇಕು. ಮತ್ತೆ ಆಕೆಯ ಎದುರಿಗೇ ಹೇಳಬೇಕು — ಆ ಖೋಲಿ ಖಾಲಿ ಇತ್ತು.