ಕೈಮಾತಿನ ಫೋನು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಸ್ಮಾರ್ಟ್‌ಫೋನ್ ಕೊಂಡೆ. ಅಲ್ಲಿಯವರೆಗೂ ಗುಂಡಿ ಒತ್ತುವ ಸಣ್ಣ ಫೋನೇ ನನಗೆ ಸಾಕಾಗಿತ್ತು. ಸಿಂಧನೂರಿನಿಂದ ದಿನಾ ಆಟೊ ಹತ್ತಿ ಗೊರೇಬಾಳದ ಸಾಲಿಗೆ ಹೋಗಿ, ಮೂರನೆಯ ನಾಲ್ಕನೆಯ ತರಗತಿಯ ಮಕ್ಕಳಿಗೆ ಕನ್ನಡ ಕಲಿಸಿ ಸಂಜೆ ಮನೆಗೆ ಬರುವವಳಿಗೆ ದೊಡ್ಡ ಫೋನಿನಿಂದ ಆಗಬೇಕಾದದ್ದೇನು ಎಂದುಕೊಂಡಿದ್ದೆ. ಒಂದು ದಿನ ಹೆಡ್‌ಮಾಸ್ತರು ಬೇಸತ್ತು ಹೇಳಿದರು.

“ಟೀಚರ್, ಈಗ ಎಲ್ಲಾ ಗ್ರೂಪಿನ್ಯಾಗ ಬರ್ತಾವ್ರಿ. ನಿಮಗೊಬ್ಬರಿಗೆ ನಾ ದಿನಾ ಓದಿ ಹೇಳ್ಕೋತ ಕುಂದ್ರಾಕ ಆಗಂಗಿಲ್ಲ.”

ಮಾತು ಸರಿಯಾಗಿತ್ತು. ಅದೇ ವಾರ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋದೆ. ಅಲ್ಲಿ ಕೆಲಸಕ್ಕಿದ್ದ ಹುಡುಗಿ ನನ್ನ ಕನ್ನಡಕ ನೋಡಿ, “ಅಕ್ಷರ ದೊಡ್ಡವು ಮಾಡಿ ಕೊಡ್ಲೇನ್ರಿ ಮೇಡಂ?” ಎಂದು ಕೇಳಿ, ನಾನು ಉತ್ತರಿಸುವ ಮೊದಲೇ ಮಾಡಿಬಿಟ್ಟಳು. ಗಾಜಿನ ಮೇಲೊಂದು ಗಾಜು ಅಂಟಿಸಿ, ಬೆನ್ನಿಗೆ ನೀಲಿ ಕವರು ಹಾಕಿ ಕೈಗಿಟ್ಟಳು.

ಮೊದಲ ವಾರ ಬಂದ ಫೋನುಗಳನ್ನು ಎತ್ತಲು ನನಗೆ ಬರಲೇ ಇಲ್ಲ. ಹಸಿರು ಗುರುತನ್ನು ಒತ್ತುತ್ತಿದ್ದೆ. ಅದನ್ನು ಮೇಲಕ್ಕೆ ಸರಿಸಬೇಕು ಎಂದು ತಿಳಿಯುವಷ್ಟರಲ್ಲಿ ಆ ಕಡೆಯವರು ಸಾಕಾಗಿ ಇಟ್ಟುಬಿಡುತ್ತಿದ್ದರು. ಇಷ್ಟು ವರ್ಷ ಸೀಮೆಸುಣ್ಣ ಹಿಡಿದ ಬೆರಳು, ತುದಿಯ ಗೆರೆಗಳೆಲ್ಲ ಸವೆದು ಒಣಗಿವೆ. ಆ ಬೆರಳನ್ನು ಫೋನು ಬೆರಳೆಂದೇ ಒಪ್ಪುತ್ತಿರಲಿಲ್ಲ. ಸೆರಗಿನ ತುದಿ ತೋಯಿಸಿಕೊಂಡು, ಬೆರಳು ಒರೆಸಿ, ಆಮೇಲೆ ಮುಟ್ಟುತ್ತಿದ್ದೆ. ಅಕ್ಕಿ ಮಿಲ್ಲಿನಲ್ಲಿ ತೂಕದ ಕೆಲಸ ಮಾಡಿ ಈಗ ಮನೆಯಲ್ಲಿರುವ ನನ್ನ ಯಜಮಾನರಿಗೆ ಇದು ದೊಡ್ಡ ತಮಾಷೆ.

“ಫೋನ್ ಎತ್ತಾಕ ಬರವಲ್ದು. ಸಾಲಿ ಹೆಂಗ ನಡಸ್ತಿ ನೀ?” ಎನ್ನುತ್ತಿದ್ದರು.

ಬರೆಯುವುದು ಕಷ್ಟವೆಂದು ಹೆಡ್‌ಮಾಸ್ತರು ಮೈಕಿನ ಗುರುತು ತೋರಿಸಿ, ಅದರಲ್ಲಿ ಮಾತಾಡಿದರೆ ತಾನೇ ಬರೆದುಕೊಳ್ಳುತ್ತದೆ ಎಂದು ಹೇಳಿಕೊಟ್ಟಿದ್ದರು. ಒಂದು ಮುಂಜಾನೆ ಆಟೊ ತಡವಾಯಿತು. “ಬರಾಕತ್ತೀನಿ” ಎಂದು ಅದಕ್ಕೆ ಹೇಳಿ ಗ್ರೂಪಿಗೆ ಕಳಿಸಿದೆ. ಸಾಲಿಗೆ ಹೋಗಿ ನೋಡಿದರೆ ಎಲ್ಲರೂ ನಗುತ್ತಿದ್ದಾರೆ. ಫೋನು “ಬರ ಕತ್ತಿ ನೀ” ಎಂದು ಬರೆದಿತ್ತು, ನಮ್ಮ ಕಡೆ ಕತ್ತಿ ಎಂದರೆ ಕತ್ತೆ. ಅಂದಿನಿಂದ ಅದರ ಮುಂದೆ ಪಾಠದ ಪುಸ್ತಕದ ಕನ್ನಡದಲ್ಲೇ ಮಾತಾಡತೊಡಗಿದೆ. “ನಾನು ಹತ್ತು ನಿಮಿಷದಲ್ಲಿ ಬರುತ್ತಿದ್ದೇನೆ” ಎಂದು ಬಿಡಿಬಿಡಿಸಿ ಹೇಳುವಾಗ, ಒಳಗಿನಿಂದ ಯಜಮಾನರು, “ಮುಂಜ್‌ಮುಂಜಾನೆ ಯಾರಿಗೆ ಪಾಠ ಮಾಡಾಕತ್ತಿ?” ಎಂದು ಕೇಳುತ್ತಿದ್ದರು.

ಆ ಫೋನಿನಿಂದ ನನ್ನ ಅಕ್ಕ ಮತ್ತೆ ಸಿಕ್ಕಳು. ಅದೂ ಕೈತಪ್ಪಿನಿಂದ.

ನಾವು ಲಿಂಗಸುಗೂರಿನವರು. ಅಬ್ಬಾ, ನಮ್ಮಪ್ಪ, ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ, ಆಪಾಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಕನ್ನಡ. ಅವಳಿಗೆ ಎರಡೂ ಇಲ್ಲ. ನಾನು ಹುಟ್ಟಿದ ಮೇಲೆ ನಮ್ಮಿಬ್ಬರ ನಡುವೆ ಮೂರನೆಯದೊಂದು ಮಾತು ಬೆಳೆಯಿತು, ಕೈಯದು. ಮೂಗಿನ ಎಡಗಡೆ ಬೆರಳಿಟ್ಟರೆ ಅಮ್ಮಿ, ಅವಳ ಮೂಗಿನ ನತ್ತು. ಒಂದು ಅಂಗೈಯಲ್ಲಿ ಇನ್ನೊಂದು ಮುಷ್ಟಿಯನ್ನು ಗುಂಡಗೆ ತಿಕ್ಕಿದರೆ ಅಬ್ಬಾ, ಪಾತ್ರೆ ತಿಕ್ಕುವ ಅಬ್ಬಾ. ಚಿಕ್ಕವಳಿದ್ದಾಗ ಬಿದ್ದು ನನ್ನ ಗದ್ದದಲ್ಲಿ ಆದ ಒಂದು ಕುಳಿ ಇದೆ. ಗದ್ದಕ್ಕೆ ಬೆರಳು ಒತ್ತಿದರೆ ಅದು ನಾನು. ಜಗಳ, ಚಾಡಿ, ನಗೆ ಎಲ್ಲವೂ ಆ ಮಾತಿನಲ್ಲೇ ನಡೆಯುತ್ತಿದ್ದವು.

ಅವಳು ಸಾಲಿಗೆ ಹೋಗಲಿಲ್ಲ, ನಾನು ಹೋದೆ. ಟೀಚರ್ ಆಗಿ ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದೆ, ಆಪಾಗೆ ಒಂದಕ್ಷರವನ್ನೂ ಕಲಿಸಲಿಲ್ಲ. ಇದನ್ನು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ, ಆದರೂ ಬರೆಯಬೇಕು.

ಆಪಾಳನ್ನು ಮಸ್ಕಿಗೆ ಕೊಟ್ಟರು, ನನ್ನನ್ನು ಸಿಂಧನೂರಿಗೆ. ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅಷ್ಟು ಹತ್ತಿರವಿದ್ದೂ ವರ್ಷಕ್ಕೆರಡು ಸಲ, ಮೂರು ಸಲ, ಯಾರದಾದರೂ ಮದುವೆ ಇದ್ದರೆ ನಾಲ್ಕನೆಯ ಸಲ ಭೇಟಿಯಾಗುತ್ತಿದ್ದೆವು. ಭಾವ ತೀರಿಕೊಂಡ ಮೇಲೆ ಅವಳು ಮಗ ಸೊಸೆಯ ಜೊತೆ ಇದ್ದಾಳೆ. ಸೊಸೆ ತುರ್ವಿಹಾಳದ ಹುಡುಗಿ, ಒಳ್ಳೆಯವಳು. ನಾನು ಆಗಾಗ ಅವಳಿಗೆ ಫೋನು ಮಾಡುತ್ತಿದ್ದೆ. “ಅತ್ತಿ ಆರಾಮ ಅದಾರ್ರಿ ಖಾಲಾ” ಎನ್ನುತ್ತಿದ್ದಳು, ಗಂಡನ ಚಿಕ್ಕಮ್ಮ ಅವಳಿಗೂ ಖಾಲಾ. ಫೋನು ನಮ್ಮ ಮನೆಗಳಿಗೆ ಬಂದಾಗಿನಿಂದ ಆಪಾ ಆರಾಮ ಇದ್ದಾಳೆಂಬ ಸುದ್ದಿ ನನಗೆ ಬೇರೆಯವರ ಬಾಯಿಂದಲೇ ಬರುತ್ತಿತ್ತು. ಕೇಳದವಳ ಕಿವಿಗೆ ಫೋನು ಹಿಡಿದು ಏನು ಮಾಡುವುದು?

ಅವತ್ತು ಶನಿವಾರ. ಅರ್ಧ ದಿನದ ಸಾಲಿ ಮುಗಿಸಿ ಬಂದು ಸೊಸೆಗೆ ಫೋನು ಹಚ್ಚಿದೆ. ಬೆರಳು ಯಾವುದೋ ಗುರುತಿನ ಮೇಲೆ ಬಿದ್ದಿರಬೇಕು, ಒಮ್ಮೆಲೇ ಅವಳ ಮುಖ ಬಂತು. ಅವಳ ಹಿಂದೆ, ಗೋಡೆಗೆ ಒರಗಿ, ಮೊರ ಹಿಡಿದು ಅಕ್ಕಿ ಹಸನು ಮಾಡುತ್ತ ಆಪಾ ಕೂತಿದ್ದಳು. ಆ ಮನೆಗೆ ದೊಡ್ಡ ಫೋನು ಬಂದು ಎಷ್ಟೋ ವರ್ಷವಾಗಿತ್ತು. ಇಲ್ಲದಿದ್ದದ್ದು ನನ್ನ ಹತ್ತಿರ.

“ಅತ್ತಿಗೆ ತೋರಸ್ಲೇನ್ರಿ?” ಎಂದು ಸೊಸೆ ಫೋನನ್ನು ಆಪಾಳ ಮುಂದೆ ಹಿಡಿದಳು. ಆಪಾ ಮೊದಲು ಅದನ್ನು ಫೋಟೊ ಅಂದುಕೊಂಡಳು. ನಾನು ಕಣ್ಣು ಪಿಳುಕಿಸಿದೆ. ಅವಳು ಮೊರವನ್ನು ಪಕ್ಕಕ್ಕಿಟ್ಟು ಹತ್ತಿರ ಬಂದಳು. ಬೆರಳೆತ್ತಿ ತನ್ನ ಗದ್ದಕ್ಕೆ ಒತ್ತಿದಳು. ಹೌದು ಎಂದು ತಲೆಯಾಡಿಸಿದೆ.

ಆಮೇಲೆ ತಿಳಿದ ಮೊದಲ ತೊಡಕು, ನಮ್ಮ ಮಾತಿಗೆ ಎರಡು ಕೈ ಬೇಕು, ಫೋನು ಒಂದು ಕೈ ಕಸಿದುಕೊಳ್ಳುತ್ತದೆ ಎಂಬುದು. ಅರ್ಧ ಅಬ್ಬಾನನ್ನು ಹೇಳಿ ನಿಲ್ಲಬೇಕಾಗುತ್ತಿತ್ತು. ನಾನು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಡತೊಡಗಿದೆ. ಅಲ್ಲಿ ಸೊಸೆ ನೀರಿನ ಕೊಡಕ್ಕೆ ಒರಗಿಸಿದಳು. ದಿನಾ ಸಾಲಿಯಿಂದ ಬಂದು ಚಹಾ ಕುಡಿಯುವ ಹೊತ್ತಿಗೆ ಅರ್ಧ ತಾಸು ಮಾತಾಡುತ್ತಿದ್ದೆವು. ಅವಳ ಕೈಯಲ್ಲಿ ನಾನು ಕಾಣದ ಹೊಸ ಮಾತುಗಳು ಬಹಳ ಇದ್ದವು. ಎರಡು ಕೈ ಜೋಡಿಸಿ ಚೂಪಾಗಿ ಎತ್ತಿದರೆ ಮಸ್ಕಿ, ಊರಿನ ಗುಡ್ಡ. ಅಂಗೈ ಮಲಗಿಸಿ ಮೆಲ್ಲಗೆ ತೇಲಿಸಿದರೆ ಸಿಂಧನೂರು, ನಮ್ಮ ಕಾಲುವೆ ನೀರು. ನನ್ನ ಊರಿಗೆ ಅವಳು ಯಾವಾಗಲೋ ಒಂದು ಹೆಸರು ಇಟ್ಟುಕೊಂಡಿದ್ದಳು. ಅದನ್ನು ನೋಡುವವರು ಯಾರೂ ಇರಲಿಲ್ಲ.

ಮಳೆಗಾಲ ಹೀಗೇ ಸುಖವಾಗಿ ಕಳೆಯಿತು. ದಸರೆ ರಜೆಗೆ ಮಸ್ಕಿಗೆ ಹೋಗಬೇಕೆಂದುಕೊಂಡೆ, ದಿನಾ ಮುಖ ನೋಡುತ್ತೇನಲ್ಲ ಎಂದು ಹೋಗಲಿಲ್ಲ. ಚಳಿ ಶುರುವಾದ ಮೇಲೆ ಆಪಾ ಬದಲಾದಳು. ನಾನೇನೋ ಕೇಳಿದರೆ ಸುಮ್ಮನೆ ನೋಡುತ್ತಿದ್ದಳು. ಕೆಲವೊಮ್ಮೆ ಫೋನಿಗೆ ಎಷ್ಟು ಹತ್ತಿರ ಬರುತ್ತಿದ್ದಳೆಂದರೆ ಅವಳ ಹಣೆಯಷ್ಟೇ ಕಾಣುತ್ತಿತ್ತು. ಪದೇ ಪದೇ ಒಂದೇ ಮಾತು ಹೇಳುತ್ತಿದ್ದಳು, ಬೆರಳುಗಳನ್ನು ಮುಖದ ಮುಂದೆ ಸುರುಳಿ ಸುತ್ತಿ ಮೇಲಕ್ಕೆತ್ತುವುದು. ಅದು ನನಗೆ ಗೊತ್ತಿದ್ದ ಮಾತೇ. ಅಬ್ಬಾ ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿದಾಗ ಭುಸ್ಸೆಂದು ಬೆಳ್ಳಗೆ ಏಳುತ್ತಿದ್ದ ಹೊಗೆ. ಅಬ್ಬಾನ ನೆನಪು ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡು ನಾನೂ ಮುಷ್ಟಿ ತಿಕ್ಕಿ ತೋರಿಸುತ್ತಿದ್ದೆ. ಅವಳು ಸಿಟ್ಟಿನಿಂದ ತಲೆ ಅಡ್ಡ ಆಡಿಸಿ ಎದ್ದು ಹೋಗುತ್ತಿದ್ದಳು.

ಸೊಸೆಯನ್ನು ಕೇಳಿದೆ. “ಮನ್ಯಾಗ ಹೊಗಿ ಆಗತೈತೇನವ್ವಾ?”

“ಗ್ಯಾಸ್ ಮ್ಯಾಲ ಅಡಗಿ ಮಾಡ್ತೀನ್ರಿ ಖಾಲಾ, ಹೊಗಿ ಎಲ್ಲೀದು?” ಎಂದಳು. ಆಮೇಲೆ, “ವಯಸ್ಸಾತಲ್ರಿ, ಹಠ ಜಾಸ್ತಿ ಆಗೈತಿ. ಅಕ್ಕಿ ಹಸನು ಮಾಡಂದ್ರ ಕಲ್ಲು ಹಳ್ಳು ಹಂಗೇ ಬಿಡ್ತಾರ. ಸಿಟ್ಟಿಗೆ ಬಿಡ್ತಾರೋ ಏನೋ” ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ, ದಣಿವಿತ್ತು.

ಎರಡು ದಿನ ಬಿಟ್ಟು ಮತ್ತೆ ಫೋನು ಹಚ್ಚಿದಾಗ ನಾನು ಬಿಳಿ ಓಢಣಿ ಹೊದ್ದು, ಸುಣ್ಣದ ಗೋಡೆಯ ಮುಂದೆ ಕೂತಿದ್ದೆ. ಆಪಾ ನನ್ನ ಕಡೆ ನೋಡುತ್ತಲೇ ಇದ್ದಳು, ನಾನು ಇದ್ದೇನೆಂದು ಅವಳಿಗೆ ತಿಳಿದಂತೆ ಕಾಣಲಿಲ್ಲ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ತೆಗೆಯಲು ಎದ್ದು, ಕಂದು ಬಣ್ಣದ ಬಾಗಿಲ ಮುಂದೆ ನಿಂತೆ. ಬಂದವರಿಗೆ ಕೂರಲು ಹೇಳಿ ತಿರುಗಿದರೆ ಆಪಾ ಗದ್ದಕ್ಕೆ ಬೆರಳು ಒತ್ತಿ ನನ್ನನ್ನು ಕರೆಯುತ್ತಿದ್ದಾಳೆ. ಮತ್ತೆ ಗೋಡೆಯ ಮುಂದೆ ಬಂದು ಕೂತೆ. ಅವಳ ಬೆರಳು ಕೆಳಗಿಳಿಯಿತು. ಬಾಗಿಲ ಬಳಿ ಹೋದೆ, ಬೆರಳು ಮೇಲೆದ್ದಿತು.

ಬಿಳಿ ಗೋಡೆಯ ಮುಂದೆ ಬಿಳಿ ಓಢಣಿ ಅವಳಿಗೆ ಕಾಣುತ್ತಲೇ ಇರಲಿಲ್ಲ. ಅವಳು ಹೇಳಿದ್ದು ಅಬ್ಬಾನ ಹೊಗೆಯಲ್ಲ. ತನ್ನ ಕಣ್ಣ ಮುಂದೆ ತುಂಬಿಕೊಂಡ ಹೊಗೆ. ತಿಂಗಳಿನಿಂದ ಅದನ್ನೇ ಹೇಳುತ್ತಿದ್ದಳು. ಕಿವಿ ಇಲ್ಲದವಳಿಗೆ ಕಣ್ಣೂ ಹೋಗುತ್ತಿತ್ತು, ಅದನ್ನು ನಾನು ಹಳೆಯ ನೆನಪೆಂದು ತಿಳಿದು ನಗುತ್ತಿದ್ದೆ.

ಮರುದಿನ ರಜೆ ಬರೆದು ಮೊದಲ ಬಸ್ಸಿಗೆ ಮಸ್ಕಿಗೆ ಹೋದೆ. ಆಪಾಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದೆ. ಎರಡೂ ಕಣ್ಣಿನ ಕಪ್ಪಿನಲ್ಲಿ ಹಾಲಿನ ಕೆನೆಯಂಥ ಪೊರೆ. ಸೊಸೆ ಹಿಂದೆ ನಿಂತು ನೋಡಿದಳು. ನಾನು ಏನಾದರೂ ಹೇಳುವ ಮೊದಲೇ ಅವಳ ಕಣ್ಣಲ್ಲಿ ನೀರು ಬಂತು. “ನಾ ಸಿಟ್ಟು ಅನ್ಕೊಂಡಿದ್ನಲ್ರಿ ಖಾಲಾ” ಎಂದಳು. ನಾನು ಏನು ತಿಳಿದಿದ್ದೆ ಎಂಬುದನ್ನು ಅವಳಿಗೆ ಹೇಳಿದೆ.

ಲಿಂಗಸುಗೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಣ್ಣಿನ ಡಾಕ್ಟರು ನಡುವಯಸ್ಸಿನ ಹೆಣ್ಣುಮಗಳು. ಪರೀಕ್ಷೆ ಮಾಡಿ, ಪೊರೆ ಬಲಿತಿದೆ, ಒಂದೊಂದೇ ಕಣ್ಣಿನದು ತೆಗೆಯಬಹುದು ಎಂದರು. ಆಮೇಲೆ ಪೆನ್ನು ಕೆಳಗಿಟ್ಟರು.

“ಆದ್ರ ಆಪರೇಷನ್ ಮಾಡೂ ಮುಂದ ಮುಖ ಮುಚ್ಚಿರ್ತೀವ್ರಿ. ಅಲುಗಾಡಬ್ಯಾಡ್ರಿ ಅಂತ ನಾ ಹೇಳಿದ್ದು ಇವರಿಗೆ ಹೆಂಗ ಗೊತ್ತಾಗಬೇಕು? ರಾಯಚೂರಿಗೆ ಹೋದ್ರ ಪೂರ್ತಿ ಎಚ್ಚರ ತಪ್ಪಿಸಿ ಮಾಡ್ತಾರ.”

“ನಾನು ಇವಳ ಕಾಲ ಹತ್ರ ಕುಂದ್ರತೀನ್ರಿ,” ಎಂದೆ. “ಕಾಲು ಮುಟ್ಟಿ ಹೇಳ್ತೀನಿ.”

“ಒಳಗ ಬಾಯಿ ತಗೀಬಾರದು.”

“ನಮಗ ಬಾಯಿ ಬೇಕಾಗಂಗಿಲ್ರಿ.”

ಅವರು ನನ್ನನ್ನು, ಆಪಾಳನ್ನು ಒಂದು ಗಳಿಗೆ ನೋಡಿ, ಆಗಲಿ ಎಂದರು.

ಆಪರೇಷನ್ನಿನ ಹಿಂದಿನ ದಿನವೆಲ್ಲ ವಾರ್ಡಿನಲ್ಲಿ ಕೂತು ನಾವು ಕಾಲಿನ ಮಾತು ಕಟ್ಟಿದೆವು. ಹೆಬ್ಬೆರಳು ಒತ್ತಿದರೆ ಅಲುಗಾಡಬೇಡ. ಅಂಗಾಲು ಸವರಿದರೆ ಇನ್ನು ಸ್ವಲ್ಪ ಹೊತ್ತು ಅಷ್ಟೇ. ಕಾಲು ಸುಮ್ಮನೆ ಹಿಡಿದಿದ್ದರೆ ನಾನು ಇಲ್ಲೇ ಇದ್ದೇನೆ. ಆಪಾ ಎರಡು ಸಲ ನನ್ನ ಕಾಲಿನ ಮೇಲೆ ಅಭ್ಯಾಸ ಮಾಡಿ ತೋರಿಸಿದಳು. ಅಂಗಾಲು ಸವರಿಸಿಕೊಂಡು ನಾನು ನಕ್ಕದ್ದಕ್ಕೆ ತಾನೂ ನಕ್ಕಳು.

ಒಳಗೆ ಹೋಗುವಾಗ ಫೋನನ್ನು ಸೊಸೆಯ ಕೈಗೆ ಕೊಟ್ಟೆ. ಹಸಿರು ಅಂಗಿ, ತಲೆಗೆ ಟೋಪಿ. ಆಪಾಳ ಮುಖದ ಮೇಲೆ ಬಟ್ಟೆ ಹಾಸಿದ ಕೂಡಲೇ ಅವಳ ಎರಡೂ ಕಾಲು ಬಿಗಿಯಾದವು. ಕತ್ತಲೆ ಅವಳಿಗೆ ನಮಗಿಂತ ದೊಡ್ಡದು ಎಂದು ಆಗ ನನಗೆ ಹೊಳೆಯಿತು. ಹೆಬ್ಬೆರಳು ಒತ್ತಿದೆ. ಒತ್ತಿಯೇ ಹಿಡಿದೆ. ಸ್ವಲ್ಪ ಹೊತ್ತಿಗೆ ಪಾದ ಸಡಿಲವಾಯಿತು. ಡಾಕ್ಟರು ತಲೆ ಎತ್ತದೆ, “ಹೇಳ್ರಿ, ಅರ್ಧ ಮುಗೀತು ಅಂತ” ಎಂದರು. ಅಂಗಾಲು ಸವರಿದೆ. ಆಪಾ ಕಾಲಿನ ಬೆರಳುಗಳನ್ನು ಒಮ್ಮೆ ಮೆಲ್ಲಗೆ ಮಡಚಿ ಬಿಚ್ಚಿದಳು. ಅದು ನಾವು ಕಟ್ಟಿದ ಮಾತಲ್ಲ, ಅವಳೇ ಅಲ್ಲಿ ಹುಟ್ಟಿಸಿದ್ದು. ಕೇಳಿತು ಎಂದಿರಬೇಕು.

ಮರುದಿನ ಪಟ್ಟಿ ಬಿಚ್ಚಿದರು. ಆಪಾ ಕಿಟಕಿ ನೋಡಿದಳು, ಸೊಸೆಯನ್ನು ನೋಡಿದಳು. ನನ್ನ ಮೇಲೆ ಕಣ್ಣು ನಿಲ್ಲಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಕೂದಲು ಹಿಡಿದು ಎಳೆದು, ನನ್ನ ಕಡೆ ಬೆರಳು ಮಾಡಿ, ಬೆನ್ನು ಬಾಗಿಸಿ ಕೋಲೂರುವಂತೆ ಮಾಡಿದಳು. ಮುದುಕಿ ಆಗಿದ್ದೀಯಲ್ಲ ಎಂದು. ಪಕ್ಕದ ಮಂಚದವರೂ ನಕ್ಕರು.

ಎರಡು ತಿಂಗಳ ಮೇಲೆ ಇನ್ನೊಂದು ಕಣ್ಣೂ ಆಯಿತು. ಈಗ ನಾನು ತಿಂಗಳಿಗೊಮ್ಮೆ ಮಸ್ಕಿಗೆ ಹೋಗುತ್ತೇನೆ. ನೋಡಿದಂತೆ ಆಗುವುದಕ್ಕೂ ನೋಡುವುದಕ್ಕೂ ಇರುವ ಅಂತರ ಗೊತ್ತಾಗಿದೆ. ಉಳಿದ ದಿನ ಫೋನು. ಸೊಸೆ ಈಗ ಅವಳ ಮಾತು ಕಲಿಯುತ್ತಿದ್ದಾಳೆ. “ಖಾಲಾ, ನಾಳೆ ಅನ್ನಾಕ ಹೆಂಗ ಮಾಡಬೇಕ್ರಿ?” ಎಂದು ಒಂದೊಂದೇ ಕೇಳಿ ತಿಳಿದುಕೊಳ್ಳುತ್ತಾಳೆ. ಅವಳ ಕೈ ಇನ್ನೂ ಒರಟು, ತೊದಲುತ್ತದೆ.

ಮೊನ್ನೆ ಮಾತಾಡುವಾಗ ಅವರಿಬ್ಬರಿಗೆ ಸಾರಿನ ಉಪ್ಪಿನ ಮೇಲೆ ಜಗಳ ಹತ್ತಿತು. ಸೊಸೆ ಹೆಚ್ಚಾಗಿಲ್ಲ ಎಂದಳು, ಆಪಾ ನಾಲಿಗೆ ಮುಟ್ಟಿ ಮುಖ ಕಿವುಚಿದಳು, ಸೊಸೆ ಸೌಟು ಕೆಳಗಿಟ್ಟು ಎರಡೂ ಕೈಯಿಂದ ವಾದ ಮಾಡಿದಳು. ಒಬ್ಬರೂ ನನ್ನ ಕಡೆ ತಿರುಗಲಿಲ್ಲ. ನಾನು ಸ್ವಲ್ಪ ಹೊತ್ತು ನೋಡಿ, ಫೋನನ್ನು ಹಾಗೆಯೇ ಬಿಟ್ಟು, ಒಲೆ ಹಚ್ಚಲು ಎದ್ದೆ.