ಕಂಪ್ಯೂಟರಿನ ಹೊಟ್ಟೆಯಲ್ಲಿ ಕುಂಕುಮ

ಮದುವೆಯ ಚಪ್ಪರಕ್ಕೆ ಎರಡೇ ದಿನ ಉಳಿದಿತ್ತು. ಮನೆಯ ಕಂಪ್ಯೂಟರ್ ನೋಡಿದರೆ ಆನ್ ಮಾಡಿದ ಹತ್ತು ನಿಮಿಷಕ್ಕೆ, ಫೈಲು ತೆರೆದುಕೊಳ್ಳುವ ಮೊದಲೇ, ತಾನಾಗಿಯೇ ಆಫ್ ಆಗತೊಡಗಿತ್ತು. ನನ್ನ ಓರಗಿತ್ತಿಯ ಸೋಬಾನೆ ಪದಗಳೆಲ್ಲ ಅದರೊಳಗಿದ್ದವು, ಬೇರೆಲ್ಲೂ ಇರಲಿಲ್ಲ.

ಓರಗಿತ್ತಿ ನನಗಿಂತ ಆರು ವರ್ಷ ದೊಡ್ಡವರು, ನಾನು ಕರೆಯುವುದು ಅಕ್ಕ ಎಂದೇ. ಅವರು ಸ್ಕೂಲಿನ ಮುಖ ನೋಡಿದವರಲ್ಲ. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಗ್ರಾಮರು, ಕ್ರೋಶಾ ಹೆಣಿಗೆ ಎರಡನ್ನೂ ಕಲಿತು ಸಮೇತನಹಳ್ಳಿಯ ಈ ಮನೆಗೆ ಸೊಸೆಯಾಗಿ ಬಂದವಳು. ಹಸೆಯ ಮುಂದೆ ಅಕ್ಕ ಪದ ಎತ್ತಿಕೊಂಡರೆ ಉಳಿದ ಹೆಂಗಸರೆಲ್ಲ ದನಿಗೂಡಿಸುತ್ತಿದ್ದರು. ನಾನೊಬ್ಬಳೇ ಸೆರಗಿನ ತುದಿ ಹಿಡಿದುಕೊಂಡು ಸುಮ್ಮನೆ ನಿಂತಿರುತ್ತಿದ್ದೆ. ನನಗೆ ಬರುತ್ತಿದ್ದುದು ಕಾನ್ವೆಂಟಿನ ಚಾಪೆಲ್ಲಿನಲ್ಲಿ ಪ್ರಾರ್ಥನೆಗೆ ಹಾಡಿಸುತ್ತಿದ್ದ ಹಿಮ್ಸ್ ಮಾತ್ರ. ಆ ಸಂಕೋಚ ಇಷ್ಟು ವರ್ಷವಾದರೂ ಹೋಗಿರಲಿಲ್ಲ. ಹಾಗಾಗಿಯೇ ಈ ವಯಸ್ಸಿನಲ್ಲಿ ಕನ್ನಡ ಟೈಪಿಂಗ್ ಕಲಿತೆ, ಎರಡು ವರ್ಷದ ಮಧ್ಯಾಹ್ನಗಳಲ್ಲಿ ಅಕ್ಕ ಹಾಡಿದ್ದನ್ನೆಲ್ಲ ಇಳಿಸಿಕೊಂಡೆ. ಈಗ ಅಕ್ಕನ ಮೊಮ್ಮಗಳ ಮದುವೆ. ಈ ಸಲ ನಾನೂ ಹಾಡಬೇಕು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದೆ.

“ಅಕ್ಕಾ, ಹಸೆಗೆ ಕರೆಯೋ ಪದ ನಿಮಗೆ ನೆನಪಿದೆ ತಾನೆ?”

“ಮೊದಲ್ನೇ ಸಾಲು ಬರುತ್ತೆ. ಆಮೇಲಿಂದು ನೀನು ಬರ್ಕೊಂಡಿದೀಯಲ್ಲ ಅಂತ ಮರ್ತ್ಬಿಟ್ಟೆ ಕಣೇ.”

“ಮರೀರಿ ಅಂತ ನಾನು ಹೇಳಿದ್ನಾ?”

“ಮತ್ತಿನ್ಯಾಕೆ ಬರ್ಕೊಂಡೆ?”

ಹೊಸಕೋಟೆಯ ರಿಪೇರಿ ಅಂಗಡಿಗೆ ಫೋನ್ ಮಾಡಿದೆ. “ತಂದು ಬಿಟ್ಟೋಗಿ ಮೇಡಂ, ಸೋಮವಾರ ನೋಡ್ತೀನಿ. ಫಾರ್ಮ್ಯಾಟ್ ಮಾಡ್ಬೇಕಾಗ್ಬೋದು” ಎಂದರು. ಫಾರ್ಮ್ಯಾಟ್ ಎಂದರೆ ಎಲ್ಲ ಅಳಿಸಿಹೋಗುವುದು ಎಂಬಷ್ಟು ನನಗೆ ಗೊತ್ತು. ಥ್ಯಾಂಕ್ಯೂ ಹೇಳಿ ಫೋನ್ ಇಟ್ಟೆ.

ಕಂಪ್ಯೂಟರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ಬೀರುವಿನಲ್ಲಿತ್ತು. ಯಂತ್ರ ಬಿಸಿಯೇರಿದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಂತುಬಿಡುತ್ತದೆ, ಗಾಳಿಕಂಡಿಗಳಲ್ಲಿ ಧೂಳು ಕಟ್ಟಿದೆಯೇ ನೋಡಿ ಎಂದು ಅದರ ಕೊನೆಯ ಪುಟದಲ್ಲಿತ್ತು. ಎಗ್ಸಾಮ್ ಹಾಲಿನಲ್ಲಿ ಗೊತ್ತಿರುವ ಕ್ವೆಶ್ಚನ್ ಕಂಡಾಗ ಆಗುತ್ತಿತ್ತಲ್ಲ, ಹಾಗಾಯಿತು.

ಸ್ವಿಚ್ ಆರಿಸಿ, ವೈರುಗಳನ್ನೆಲ್ಲ ಕಿತ್ತು, ಸಿಪಿಯು ಡಬ್ಬ ತಣ್ಣಗಾದ ಮೇಲೆ ಇಬ್ಬರೂ ಎತ್ತಿಕೊಂಡು ಜಗುಲಿಗೆ ತಂದೆವು. ಅದಕ್ಕೆ ನಾನೇ ಹೆಣೆದ ಬಿಳಿ ಕ್ರೋಶಾ ಕವರ್ ತೊಡಿಸಿದ್ದೆ, ಹಗಲೂ ರಾತ್ರಿ. ಅದನ್ನು ತೆಗೆದು, ಸ್ಕ್ರೂ ಬಿಚ್ಚಿ, ಪಕ್ಕದ ತಗಡು ಸರಿಸಿದೆ.

ಒಳಗೆ ಧೂಳಿನ ಜೊತೆ ಕುಂಕುಮ. ಅರಿಶಿನ, ಊದುಬತ್ತಿಯ ಬೂದಿ. ಫ್ಯಾನಿನ ರೆಕ್ಕೆಗಳ ನಡುವೆ ಒಣಗಿದ ಚೆಂಡುಹೂವಿನ ಎಸಳುಗಳು. ಪ್ರತಿ ಆಯುಧಪೂಜೆಗೂ ಟ್ರ್ಯಾಕ್ಟರ್, ಪಂಪ್‌ಸೆಟ್ ಮುಗಿಸಿ ಅಕ್ಕ ಬಟ್ಟಲು ಹಿಡಿದು ಇದರ ಹತ್ತಿರವೇ ಬರುತ್ತಿದ್ದುದು.

“ಉಸಿರಾಡೋ ಜಾಗ ಅಂತ ಅಲ್ಲೇ ಇಡ್ತಿದ್ದೆ ಬೊಟ್ಟು” ಎಂದರು ಅಕ್ಕ, ಸಣ್ಣ ದನಿಯಲ್ಲಿ. “ನಾನೇ ಉಸಿರು ಕಟ್ಟಿಸ್ಬಿಟ್ನಲ್ಲೇ.”

“ನೀವೊಬ್ರೇ ಅಲ್ಲ ಬಿಡಿ. ನಾನು ಸ್ವೆಟರ್ ಹಾಕಿ ಕೂರಿಸಿದ್ದೆ.”

ಅಕ್ಕ ಒದ್ದೆ ಬಟ್ಟೆ ತರಲು ಎದ್ದರು. “ನೀರು ಸೋಕಬಾರ್ದು, ಕೂತ್ಕೊಳ್ಳಿ” ಎಂದು ತಡೆದೆ. ಪುಸ್ತಕ ಹೇಳಿದಂತೆ ಮೊದಲು ಡಬ್ಬದ ತಗಡು ಮುಟ್ಟಿದೆ, ಮೈಯಲ್ಲಿನ ಸ್ಟ್ಯಾಟಿಕ್ ಕರೆಂಟ್ ಇಳಿದುಹೋಗಲಿ ಎಂದು. ತುಳಸಿಕಟ್ಟೆಗೆ ಬಣ್ಣ ಹೊಡೆಯಲು ತಂದಿಟ್ಟಿದ್ದ ಹೊಸ ಬ್ರಶ್ಶಿನಿಂದ ಮೆಲ್ಲಗೆ ಧೂಳು ಬಿಡಿಸಿದೆ. ಫ್ಯಾನ್ ತಿರುಗದಂತೆ ಅಕ್ಕ ಒಂದು ಬೆರಳಿಟ್ಟು ಹಿಡಿದರು, ನಾನು ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಮೂರನೆಯ ಸಲಕ್ಕೆ ಕೆಂಪು ಪುಡಿ ಭುಸ್ಸೆಂದು ಎದ್ದು ಅಕ್ಕನ ನರೆತ ತಲೆಯ ಮೇಲೆ ಕೂತಿತು. ಅವರು ಸೀನಿದರು, ಆದರೆ ಫ್ಯಾನಿನ ಮೇಲಿಟ್ಟ ಬೆರಳು ತೆಗೆಯಲಿಲ್ಲ.

“ಮದುಮಗಳು ನೀವೇ ಆಗ್ಬಿಟ್ರಿ.”

“ಬಾಯ್ಮುಚ್ಕೊಂಡು ಹೊಡಿ.”

ಮತ್ತೆ ಜೋಡಿಸಿ ಆನ್ ಮಾಡಿದಾಗ ಇಬ್ಬರ ಕಣ್ಣೂ ಗೋಡೆ ಗಡಿಯಾರದ ಮೇಲೆ. ಎಂಟು ನಿಮಿಷ. ಒಂಬತ್ತು. ಹತ್ತಾದಾಗ ಅಕ್ಕ ನನ್ನ ಮೊಣಕೈ ಹಿಡಿದುಕೊಂಡರು. ಹದಿನೈದಾಯಿತು, ಕಾಫಿ ಕುಡಿದು ಬಂದರೂ ಪರದೆ ಬೆಳಗುತ್ತಲೇ ಇತ್ತು. ಪದಗಳನ್ನು ಮೊದಲು ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ, ಆಮೇಲೆ ನಂಬಿಕೆ ಸಾಲದೆ ನೋಟ್‌ಬುಕ್ಕಿಗೂ ಬರೆದುಕೊಂಡೆ.

ಚಪ್ಪರದ ದಿನ ಮದುಮಗಳನ್ನು ಹಸೆಗೆ ಕರೆಯುವಾಗ ಅಕ್ಕ ಮೊದಲ ಸಾಲು ಎತ್ತಿಕೊಂಡು, ನಿಲ್ಲಿಸಿ, ನನ್ನ ಕಡೆ ನೋಡಿದರು. ನಿಜವಾಗಿಯೂ ಮರೆತಿದ್ದರೋ ಏನೋ, ಇವತ್ತಿಗೂ ಕೇಳಿಲ್ಲ. ಎರಡನೆಯ ಸಾಲು ನನ್ನ ಗಂಟಲಿನಿಂದ ಬಂತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಹೆಂಗಸರು ದನಿಗೂಡಿಸಿದರು.

ಪದ ಮುಗಿದ ಮೇಲೆ ಅಕ್ಕ ನನ್ನ ಕಿವಿಯ ಹತ್ತಿರ ಬಾಗಿ, “ಚರ್ಚಲ್ಲಿ ಹಾಡ್ದಂಗೆ ಎಳೀತೀಯಲ್ಲೇ” ಎಂದರು. ನಾನು ಮುಂದಿನ ಪದಕ್ಕೆ ನೋಟ್‌ಬುಕ್ಕಿನ ಹಾಳೆ ತಿರುಗಿಸಿದೆ.