ಮೇಲಕ್ಕೆ ಬಾ ಎಂದವನು

ಸಕಲೇಶಪುರದ ತರಬೇತಿಗೆ ನನ್ನನ್ನೇ ಕಳಿಸಬೇಕೆಂದು ಊರವರೆಲ್ಲ ಒಂದೇ ಬಾಯಲ್ಲಿ ಹೇಳಿದರು. ಕಾಡಿಗೆ ಬೆಂಕಿ ಬಿದ್ದಾಗ ಏನು ಮಾಡಬೇಕು, ಏನು ಮಾಡಬಾರದು ಎಂದು ಕಲಿಸುವ ಮೂರು ದಿನದ ತರಬೇತಿ. ಊರಿಗೊಬ್ಬರು ಬಂದರೆ ಸಾಕು ಎಂದು ಫಾರೆಸ್ಟ್ ಗಾರ್ಡ್ ಹೇಳಿ ಹೋಗಿದ್ದ. ನಮ್ಮದು ಕೆ. ಹೊಸಕೋಟೆ ಕಡೆಯ ಸಣ್ಣ ಊರು. ಮಾತು ಬಂದ ಕೂಡಲೇ ಎಲ್ಲರ ಮುಖ ನನ್ನ ಕಡೆ ತಿರುಗಿತು. ಯಾಕೆಂದರೆ ಎರಡು ವರ್ಷದ ಹಿಂದೆ ಬೆಂಕಿಯ ಬಾಯಿಂದ ನನ್ನ ಅಣ್ಣನನ್ನು ಉಳಿಸಿದವನು ನಾನು. ಹಾಗೆಂದು ಊರು ನಂಬಿತ್ತು. ನಾನೂ ನಂಬಿದ್ದೆ. ನಂಬಿ ಒಳಗೊಳಗೇ ಸ್ವಲ್ಪ ಬೀಗುತ್ತಲೂ ಇದ್ದೆ, ಈಗ ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅವತ್ತು ನಡೆದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಶಿವರಾತ್ರಿ ಕಳೆದು ಹುಲ್ಲೆಲ್ಲ ಒಣಗಿ ನಿಂತಿದ್ದ ಕಾಲ. ಊರ ಹಿಂದಿನ ಗುಡ್ಡದ ಇಳಿಜಾರಿನಲ್ಲಿ ನಮ್ಮ ಎರಡು ಹಸು ಮೇಯುತ್ತಿದ್ದವು. ಕೆಳಗಿನಿಂದ ಹೊಗೆ ಎದ್ದದ್ದು ಕಂಡು ಅವನ್ನು ಹೊಡೆದುಕೊಂಡು ಬರಲು ಅಣ್ಣ ಇಳಿದ. ನಾನು ಗುಡ್ಡದ ನೆತ್ತಿಯ ರಸ್ತೆಯಲ್ಲಿ ಬೈಕ್ ನಿಲ್ಲಿಸಿಕೊಂಡಿದ್ದೆ. ಹಸುಗಳು ಅಣ್ಣನಿಗೆ ಕಾಯದೆ ಅಡ್ಡ ಓಡಿ ಪಾರಾದವು. ಅಣ್ಣ ಮಾತ್ರ ಇಳಿಜಾರಿನ ನಡುವೆ ನಿಂತುಬಿಟ್ಟ. ಅವನ ಕೆಳಗೆ ದೊಡ್ಡ ಬೆಂಕಿ ಏರಿ ಬರುತ್ತಿತ್ತು. ಅವನ ಎಡಕ್ಕೆ ಆಗಲೇ ಸುಟ್ಟು ಕರ್ರಗಾಗಿದ್ದ ಒಂದಿಷ್ಟು ನೆಲ, ಅದರ ಅಂಚಿನಲ್ಲಿ ಮೊಣಕಾಲೆತ್ತರದ ಉರಿ. ಅಣ್ಣ ಆ ಕಡೆಯೇ ನೋಡುತ್ತಿದ್ದ. ನಾನು ಗಂಟಲು ಹರಿಯುವಂತೆ ಕೂಗಿದೆ.

"ಮೇಲಕ್ಕೆ ಬಾ ಅಣ್ಣ! ರಸ್ತೆ ಇಲ್ಲೈತೆ, ಓಡಿ ಬಾ!"

ಅವನು ತಿರುಗಿ ಮೇಲಕ್ಕೆ ಓಡಿದ. ರಸ್ತೆ ಇನ್ನು ಹತ್ತು ಮಾರು ಇರುವಾಗ ಬೆಂಕಿ ಅವನನ್ನು ಹಿಡಿಯಿತು. ನಾನು ನುಗ್ಗಿ ಎಳೆದು ತಂದೆ. ಹಾಸನದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ. ಜೀವ ಉಳಿಯಿತು, ಆದರೆ ಎರಡೂ ಕೈಯ ಬೆರಳು ಅಂಗೈಗೆ ಮಡಚಿಕೊಂಡು ಹಾಗೇ ನಿಂತವು. ಅಣ್ಣ ಎಸ್ಟೇಟುಗಳಲ್ಲಿ ಮರಗಸಿ ಮಾಡುತ್ತಿದ್ದವನು, ಅಂದರೆ ಕಾಫಿ ಗಿಡಕ್ಕೆ ಬಿಸಿಲು ಬೀಳಲೆಂದು ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಕೆಲಸ. ಅವನು ಮರ ಹತ್ತುವುದನ್ನು ನೋಡಲು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೂಡ ಕೆಲಸ ಬಿಟ್ಟು ನಿಲ್ಲುತ್ತಿದ್ದ. ಈಗ ಅವನ ಅಂಗಿಯ ಗುಂಡಿಯನ್ನು ಅತ್ತಿಗೆ ಹಾಕಬೇಕು.

ಆ ಅತ್ತಿಗೆ ಎರಡು ವರ್ಷದಿಂದ ಹಂಚಿನ ಮೇಲಿನ ಮೊದಲ ರೊಟ್ಟಿಯನ್ನು ನನ್ನ ತಟ್ಟೆಗೇ ಹಾಕುತ್ತಾಳೆ. ಬೇಡವೆಂದರೆ ಕೇಳುವುದಿಲ್ಲ. "ನೀನು ಕೂಗ್ದೆ ಹೋಗಿದ್ರೆ ಇವತ್ತು ನನ್ ಗತಿ ಏನಾಗಿರೋದಪ್ಪ, ಉಣ್ಣು" ಎನ್ನುತ್ತಾಳೆ. ನಾನು ಉಣ್ಣುತ್ತಿದ್ದೆ.

ಆಲೂರಿನಲ್ಲಿ ಬಸ್ ಬದಲಿಸಿ ಸಕಲೇಶಪುರದಲ್ಲಿ ಇಳಿದಾಗ ಊರು ತುಂಬ ಪ್ರವಾಸಿಗರು. ರೆಸಾರ್ಟುಗಳ ಜೀಪುಗಳು ಸಾಲಾಗಿ ಹೊರಟಿದ್ದವು. ತರಬೇತಿ ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಹೂವಿನ ಕಮಾನನ್ನು ಇನ್ನೂ ಬಿಚ್ಚಿರಲಿಲ್ಲ. ಅದರ ಕೆಳಗೆ ನಾವು ನಲವತ್ತು ಜನ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಕೂತೆವು. ಟೀ ಕುಡಿಯಲು ಹೊರಗೆ ಬಂದರೆ ಕಾರಿನವರು ನಮ್ಮ ಜಾಕೆಟ್ ನೋಡಿ ಪಾರ್ಕಿಂಗ್ ಎಲ್ಲಿ ಎಂದು ಕೇಳುತ್ತಿದ್ದರು. ಮೂರನೆಯವನಿಗೆ ನಾನು ಗತ್ತಿನಿಂದ ಒಂದು ಗಲ್ಲಿ ತೋರಿಸಿದೆ. ಅದು ಮುಂದೆ ಹೋಗುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಕಲಿಸಲು ಬಂದವರು ನಿವೃತ್ತಿಯ ಹೊಸ್ತಿಲಲ್ಲಿದ್ದ ಒಬ್ಬ ಫಾರೆಸ್ಟರ್. ಸಣ್ಣ ಆಳು, ಮೆತ್ತಗಿನ ದನಿ. ಮೊದಲ ದಿನ ಹಸಿ ಸೊಪ್ಪಿನಿಂದ ಬೆಂಕಿ ಆರಿಸುವುದನ್ನು ಕಲಿಸಿದರು. ಎತ್ತಿ ಎತ್ತಿ ಬಡಿದರೆ ಕಿಡಿ ಹಾರುತ್ತದೆ, ಒತ್ತಿ ಎಳೆಯಬೇಕು ಎಂದರು. ನಾನು ಚೆನ್ನಾಗಿ ಮಾಡಿದೆ. ಸಂಜೆ ಪಾಳ್ಯದ ಕಡೆಯವನೊಬ್ಬನಿಗೆ ಅಣ್ಣನ ಕಥೆಯನ್ನು ಕೇಳದಿದ್ದರೂ ಹೇಳಿದೆ. ಅವನು ನನ್ನ ಬೆನ್ನು ತಟ್ಟಿದ.

ಎರಡನೆಯ ದಿನ ಅವರು ಒಂದು ಹಲಗೆ ತಂದರು. ಹಲಗೆಯ ಮೇಲೆ ಹಸಿ ಮಣ್ಣು ಮೆತ್ತಿ, ಕಾಫಿ ಸಸಿ ಮಡಿಯ ಹಾಗೆ ಸಾಲುಸಾಲಾಗಿ ಬೆಂಕಿಕಡ್ಡಿ ನೆಟ್ಟಿದ್ದರು. ಹಲಗೆಯ ಒಂದು ತುದಿಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದರು. "ಇದು ನಿಮ್ಮೂರ ಗುಡ್ಡ ಅಂದ್ಕೊಳ್ಳಿ" ಎಂದು ಮೇಲಿನ ಸಾಲಿಗೆ ಬೆಂಕಿ ಇಟ್ಟರು. ಆ ಒಂದು ಸಾಲು ಉರಿದು ಆರಿತು. ಆಮೇಲೆ ಕೆಳಗಿನ ಸಾಲಿಗೆ ಇಟ್ಟರು. ಸರ್ರೆಂದು ಒಂದು ಸದ್ದು, ಅಷ್ಟೇ. ನಾನು ಕಣ್ಣು ಮಿಟುಕಿಸುವುದರೊಳಗೆ ಇಡೀ ಹಲಗೆ ಉರಿದಿತ್ತು.

"ಬೆಂಕಿಗೆ ಏರು ಹತ್ತೋಕೆ ಸುಸ್ತಾಗಲ್ಲ ಕಣ್ರಪ್ಪ, ನಮಗೆ ಆಗ್ತದೆ" ಎಂದರು. "ಕೆಳಗಡೆ ಬೆಂಕಿ ಇದ್ದಾಗ ಮೇಲಕ್ಕೆ ಓಡೋನು ಬದುಕೋದು ಕಷ್ಟ. ಸುಟ್ಟಿರೋ ನೆಲ ಹುಡುಕಿ. ಅಂಚಲ್ಲಿ ಉರಿ ಸಣ್ಣಗಿದ್ರೆ ಮುಖ ಮುಚ್ಕೊಂಡು ದಾಟಿ ಅದ್ರೊಳಗೆ ಹೋಗಿ ನಿಂತ್ಕಳಿ. ಒಂದ್ಸಲ ಸುಟ್ಟ ಹುಲ್ಲು ಇನ್ನೊಂದ್ಸಲ ಸುಡಲ್ಲ."

ಪಕ್ಕದಲ್ಲಿದ್ದ ಪಾಳ್ಯದವನು ನಿಧಾನವಾಗಿ ತಿರುಗಿ ನನ್ನನ್ನು ನೋಡಿ, ತಕ್ಷಣ ಮುಖ ಬೇರೆ ಕಡೆ ಮಾಡಿಕೊಂಡ. ಅವನಿಗೆ ಗೊತ್ತಾಗಿಬಿಟ್ಟಿತ್ತು. ನಾನೇ ಬಾಯಿಬಿಟ್ಟು ಹೇಳಿದ್ದೆನಲ್ಲ. ನಾನು ಎದ್ದು ಅಡುಗೆ ಮನೆಯ ಹಿಂದೆ ಹೋಗಿ, ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಕೂತೆ. ಅಣ್ಣ ಎಡಕ್ಕೆ ನೋಡುತ್ತಿದ್ದ. ದಾರಿ ಅವನಿಗೆ ಕಂಡಿತ್ತು. ಹತ್ತು ಹೆಜ್ಜೆ ಇಟ್ಟಿದ್ದರೆ ಕಾಲಲ್ಲಿ ಬೊಬ್ಬೆಯೆದ್ದರೂ ಮನೆಗೆ ಬರುತ್ತಿದ್ದ. ಆ ದಾರಿಯಿಂದ ಅವನ ಮುಖ ತಿರುಗಿಸಿದ್ದು ನನ್ನ ಕೂಗು. ಎರಡು ವರ್ಷ ನಾನು ತಿಂದ ರೊಟ್ಟಿಯೆಲ್ಲ ನೆನಪಾಯಿತು. ಅಲ್ಲೇ ಮೋರಿಯಲ್ಲಿ ವಾಂತಿ ಮಾಡಿಕೊಂಡೆ. ಅಡುಗೆಯವಳು ಬಂದು ಬಿಸಿಲಿಗೆ ಪಿತ್ತ ಕೆರಳಿರಬೇಕೆಂದು ನಿಂಬೆಹಣ್ಣು ಕೊಟ್ಟಳು.

ಮೂರನೆಯ ದಿನ ಗುಡ್ಡಕ್ಕೆ ಕರೆದುಕೊಂಡು ಹೋದರು. ಒಂದು ಅಂಗಳದಷ್ಟು ಹುಲ್ಲು ಸುಟ್ಟು, ಉರಿ ಇಳಿದ ಮೇಲೆ ಒಬ್ಬೊಬ್ಬರೇ ಒಳಗೆ ಹೋಗಿ ನಿಲ್ಲಿ ಎಂದರು. ಬೂಟಿನ ಅಡಿ ಬೆಚ್ಚಗಾಯಿತು. ಹೊಗೆಗೆ ಕೆಮ್ಮು ಬಂತು. ಬೇರೇನೂ ಆಗಲಿಲ್ಲ. ಇಷ್ಟೇನಾ ಎಂದುಕೊಂಡೆ. ಇಷ್ಟಕ್ಕೆ ಅಣ್ಣನ ಕೈ ಹೋಯಿತೇ ಎಂದು ಅಲ್ಲೇ ನಿಂತು ಅತ್ತೆ. ಉಳಿದವರು ಹೊಗೆಯಿಂದ ಕಣ್ಣೀರು ಎಂದುಕೊಂಡರು.

ಊಟದ ಹೊತ್ತಿಗೆ ಫಾರೆಸ್ಟರ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ತಟ್ಟೆ ಕೆಳಗಿಟ್ಟು ಕೇಳಿದರು.

"ನಿಮ್ ಜಾಗದಲ್ಲಿ ಯಾರಿದ್ರೂ ಹಂಗೇ ಕೂಗೋರು" ಎಂದರು.

"ಕೂಗಿದ್ದು ನಾನು ಸಾರ್."

ಅವರು ನನ್ನ ಕಡೆ ಬಾಗಿ, "ಊರಿಗೆ ಹೋಗಿ ಜನಾನ ಸೇರಿಸಿ ಇದನ್ನೆಲ್ಲ ಹೇಳ್ಬೇಕು. ಅದೂ ತರಬೇತಿಯ ಭಾಗಾನೇ. ಮೇಲಕ್ಕೆ ಓಡಬಾರದು ಅನ್ನೋದನ್ನ ಮಾತ್ರ ಬಿಡಬೇಡಿ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಲೆಕ್ಕ ಹಾಕಿದ್ದು ಒಂದೇ, ಅದೊಂದನ್ನು ಬಿಟ್ಟು ಉಳಿದದ್ದನ್ನು ಹೇಗೆ ಹೇಳುವುದು ಎಂದು. ಹೇಳಿದರೆ ಅಣ್ಣನಿಗೆ ಗೊತ್ತಾಗುತ್ತದೆ. ಹೇಳದಿದ್ದರೆ ನಾಳೆ ಇನ್ಯಾರೋ ಆ ಏರಿನಲ್ಲಿ ಓಡುತ್ತಾರೆ. ಎರಡರಲ್ಲಿ ಯಾವುದನ್ನು ಹೊರಲಿ? ಅಣ್ಣ ಇಲ್ಲದ ಹೊತ್ತು ನೋಡಿ ಹೇಳಿ ಮುಗಿಸೋಣವೆಂದು ತೀರ್ಮಾನಿಸಿದೆ. ಹೇಡಿಯ ತೀರ್ಮಾನ, ಆದರೂ ಅದನ್ನು ಹಿಡಿದುಕೊಂಡೇ ಮನೆ ಹೊಕ್ಕೆ.

"ನಾಳೆ ಸಂಜೆ ಹಾಲಿನ ಡೈರಿ ಹತ್ರ ಹೇಳ್ತೀನಿ. ಅಣ್ಣ ಬರೋದು ಬೇಡ, ಬೆಂಕಿ ಮಾತು ಕೇಳಿ ಸುಮ್ನೆ ಬೇಜಾರು ಮಾಡ್ಕೊಂತಾನೆ" ಎಂದು ಅತ್ತಿಗೆಗೆ ಹೇಳಿದೆ.

ಅತ್ತಿಗೆ ನಕ್ಕಳು. "ಹೊಗಳ್ತಾರೆ ಅಂತ ನಾಚ್ಕೆನಾ? ಅವರು ಬರದೆ ಇನ್ಯಾರು ಬರ್ಬೇಕು ಮಾರಾಯ?"

ಮರುದಿನ ಸಂಜೆ ಹಾಲು ಹಾಕಲು ಬಂದವರೆಲ್ಲ ಡೈರಿ ಮುಂದೆ ನಿಂತರು. ಅಣ್ಣ ಒಗೆದ ಅಂಗಿ ತೊಟ್ಟು ಜಗಲಿಯ ಮೇಲೆ ಮುಂದೆಯೇ ಕೂತಿದ್ದ. ನಾನು ಹಸಿ ಸೊಪ್ಪಿನ ವಿಷಯ ಹೇಳಿದೆ. ನೈಲಾನ್ ಬಟ್ಟೆ ಬೇಡ ಎಂದೆ. ಮೊದಲು ಫೋನ್ ಮಾಡಿ ಎಂದೆ. ಹೇಳಿದ್ದನ್ನೇ ಎರಡು ಸಲ ಹೇಳಿದೆ. ಇನ್ನು ಮುಗಿಸಿಬಿಡೋಣ ಎನ್ನುವಾಗ, ಗುಡ್ಡದಲ್ಲಿ ಹಸು ಮೇಯಿಸುವ ನಮ್ಮ ಪಕ್ಕದ ಮನೆಯ ಅಜ್ಜಿ ಬಾಯಿ ಹಾಕಿದಳು.

"ಸಿಕ್ಕಾಕ್ಕೊಂಡ್ರೆ ಏನ್ ಮಾಡೋದು ಅಂತ ನೀ ಹೇಳೋದೇ ಬ್ಯಾಡ ಬುಡು, ನಮಗೆ ಗೊತ್ತೈತೆ. ಅವತ್ತು ನೀನು ನಿಮ್ಮಣ್ಣನ್ನ ಕರೆದ್ಯಲ್ಲ, ಹಂಗೇ ಮೇಲಕ್ಕೆ ಓಡ್ಬುಡೋದು. ನನ್ ಸೊಸೆಗೂ ಅದೇ ಹೇಳಿವ್ನಿ."

ಎಲ್ಲರೂ ತಲೆಯಾಡಿಸಿದರು. ಎರಡು ವರ್ಷದಿಂದ ನನ್ನ ತಪ್ಪನ್ನೇ ಊರು ಪಾಠ ಮಾಡಿಕೊಂಡು ಕೂತಿತ್ತು.

"ಇಲ್ಲ ಅಜ್ಜಿ" ಎಂದೆ. "ಮೇಲಕ್ಕೆ ಓಡಬಾರ್ದು. ಬೆಂಕಿ ನಮಗಿಂತ ಬೇಗ ಹತ್ತುತ್ತೆ. ಸುಟ್ಟ ನೆಲದೊಳಗೆ ಹೋಗಿ ನಿಲ್ಬೇಕು."

ಅಣ್ಣ ತಲೆ ಎತ್ತಿದ.

"ಹಂಗಾದ್ರೆ ಅವತ್ತು ನನ್ ಎಡಕ್ಕೆ ಕರ್ರಗೆ ಕಾಣ್ತಿತ್ತಲ್ಲ, ಅಲ್ಲಿಗೆ ಹೋಗ್ಬೇಕಿತ್ತಾ?"

"ಹೂಂ ಅಣ್ಣ."

"ನೀನು ಕರೆದೆ."

"ಹೂಂ. ತಪ್ಪು ಕರೆದೆ. ನಾನು ಸುಮ್ನಿದ್ದಿದ್ರೆ ನಿನ್ ಕೈ ಸರಿಯಾಗಿರ್ತಿತ್ತು."

ಅಷ್ಟನ್ನು ಹೇಳುವಷ್ಟರಲ್ಲಿ ನನ್ನ ದನಿ ಉಡುಗಿ ಹೋಗಿತ್ತು. ಅಣ್ಣ ಮಡಿಲಲ್ಲಿದ್ದ ಕೈಗಳನ್ನು ನೋಡುತ್ತಾ ಕೂತ. ಎದ್ದು ಹೋಗುತ್ತಾನೆ ಎಂದುಕೊಂಡೆ, ಹೊಡೆದರೂ ಸರಿಯೇ ಎಂದುಕೊಂಡೆ.

"ಇನ್ನೊಂದ್ಸಲ ಹೇಳು ಕಣೋ" ಎಂದ ಅಣ್ಣ, ತಲೆ ಎತ್ತದೆ. "ಗಟ್ಟಿಯಾಗಿ ಹೇಳು. ಹಿಂದೆ ನಿಂತೋರಿಗೆ ಕೇಳ್ಸಿಲ್ಲ."

ಹಿಂದೆ ನಿಂತಿದ್ದ ಹೆಂಗಸರ ನಡುವೆ ಅತ್ತಿಗೆ ಇದ್ದಳು. ಏನೋ ಒಳ್ಳೆಯ ಮಾತು ತಪ್ಪಿಹೋಯಿತೆಂಬಂತೆ ಕತ್ತು ಚಾಚಿ ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ಮುಖ ನೋಡಿಕೊಂಡೇ, ತಪ್ಪು ಕರೆದದ್ದನ್ನೂ ಬಿಡದೆ, ಗಟ್ಟಿಯಾಗಿ ಮತ್ತೊಮ್ಮೆ ಹೇಳಿದೆ.